ರಾಜಕಾಲುವೆ ಇನ್ನೇಕೆ ಎನ್ನುವವರಿಗೆ

ಕುಂದಲಹಳ್ಳಿ, ಚಿನ್ನಪ್ಪನಹಳ್ಳಿ ಕೆರೆಗಳ ಅಂಚು ಬಿಡಿಸಿ, ರಾಜಕಾಲುವೆಗೆ ದಾರಿ ಕೊಡಿ ಎಂದು ಕೇಳಿದಾಗಲೆಲ್ಲ ಬೆಂಗಳೂರಿನ ಬ್ರೂಕ್‌ಫೀಲ್ಡಿನಲ್ಲಿ ಏಳುವ ಆಕ್ಷೇಪಗಳು ಹೆಚ್ಚೂಕಡಿಮೆ ಅವೇ. ಒಂದೊಂದಕ್ಕೂ ಉತ್ತರ ಕೊಡಲೇಬೇಕು.

"ಇಲ್ಲಿ ನದಿಯೇ ಇಲ್ಲ, ಜಲಾನಯನದ ಮಾತೇಕೆ?" ಜಲಾನಯನ ಇರಲು ಕಣ್ಣೆದುರು ಹೊಳೆ ಹರಿಯಬೇಕಿಲ್ಲ. ಎಲ್ಲೆಲ್ಲಿ ಬಿದ್ದ ಮಳೆ ಒಂದೇ ತಗ್ಗಿಗೆ ಬಂದು ಸೇರುತ್ತದೋ ಅಷ್ಟೂ ನೆಲ ಒಂದು ಜಲಾನಯನ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆ. ಪಶ್ಚಿಮದ ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ನಮ್ಮದು ಪೂರ್ವದ ಮಗ್ಗುಲು. ಕುಂದಲಹಳ್ಳಿ ಕಡೆಯ ನೀರು ವರ್ತೂರು ಕೆರೆಗಿಳಿದು, ಅಲ್ಲಿಂದ ಕೋಡಿ ಹರಿದು ಪಿನಾಕಿನಿ ಸೇರಿ, ಹೊಸೂರಿನ ಕೆಲವರಪಳ್ಳಿ ಜಲಾಶಯ ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕೆಲವರಪಳ್ಳಿಯಲ್ಲಿ ಏಳುವ ನೊರೆಯಲ್ಲಿ ನಮ್ಮ ಬಚ್ಚಲಿನ ಪಾಲೂ ಇದೆ.

"ಗದ್ದೆಗಳೇ ಹೋದವು, ಇನ್ನು ಕಾಲುವೆ ಯಾರಿಗೆ?" ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ. ಕೆರೆ ಕಟ್ಟಿದ್ದು ಬೇಸಾಯಕ್ಕೆ, ನಿಜ. ಅಚ್ಚುಕಟ್ಟಿನಲ್ಲಿ ಈಗ ಬಡಾವಣೆಗಳಿವೆ, ತೂಬು ಎತ್ತುವ ನೀರುಗಂಟಿಯೂ ಇಲ್ಲ. ಆದರೆ ತೂಬಿನ ಕೆಲಸ ಮುಗಿದ ಮಾತ್ರಕ್ಕೆ ಕೋಡಿಯ ಕೆಲಸ ಮುಗಿಯಲಿಲ್ಲ. ಮೇಲಿನ ಕೆರೆ ತುಂಬಿ, ಕೋಡಿ ಬಿದ್ದು, ಆಮೇಲೆ ಕೆಳಗಿನ ಕೆರೆಗೆ ನೀರು. ಹೀಗೆ ಸರಣಿಯುದ್ದಕ್ಕೂ ಮಳೆ ತಡೆದು ತಡೆದು ಇಳಿಯುತ್ತಿತ್ತು. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಅದು ಎರಡು ಲಕ್ಷ ಲೀಟರ್ ನೀರು, 6,000 ಲೀಟರಿನ 33 ಟ್ಯಾಂಕರ್. ಕೆಂಪು ಮಣ್ಣಿನ ರಾಗಿ ಹೊಲವಾಗಿದ್ದಾಗ ಅದರಲ್ಲಿ ಒಂದು ಪಾಲು ಇಂಗುತ್ತಿತ್ತು, ಒಂದು ಪಾಲು ಬದುವಿನ ಹಿಂದೆ ನಿಲ್ಲುತ್ತಿತ್ತು. ಈಗ ಆ ಎಕರೆಯಲ್ಲಿ ಸೂರು, ಟೈಲ್ಸ್, ಡಾಂಬರು. ಜೋರು ಮಳೆ ಬಂದ ಸಂಜೆ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಿಂತು ನೋಡಿ: ನೀರು ರ‍್ಯಾಂಪ್ ಇಳಿದು ಬೇಸ್‌ಮೆಂಟ್ ಸೇರುತ್ತದೆ, ಮೋಟರು ಅದನ್ನೆತ್ತಿ ರಸ್ತೆಗೆ ಚೆಲ್ಲುತ್ತದೆ, ರಸ್ತೆ ಅದನ್ನು ಇನ್ನೂ ತಗ್ಗಿನಲ್ಲಿರುವವರ ಹೊಸ್ತಿಲಿಗೆ ಒಯ್ಯುತ್ತದೆ. ಗದ್ದೆ ಹೋದ ಮೇಲೆ ಕಾಲುವೆ ಹಿಗ್ಗಬೇಕಿತ್ತು. ಆದದ್ದು ಅದರ ತಿರುಗುಮುರುಗು. ಕಳೆದ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113 ಕಿಲೋಮೀಟರಿನಷ್ಟಿದ್ದ ಕಾಲುವೆಜಾಲ 2016-17ರ ಹೊತ್ತಿಗೆ 62ಕ್ಕೆ ಇಳಿದಿತ್ತೆಂದು ಮಹಾಲೇಖಪಾಲರ ವರದಿಯೇ ದಾಖಲಿಸಿದೆ.

"2022ರದ್ದು ಅಪರೂಪದ ಮಳೆ, ಅದಕ್ಕೆ ಯಾರೇನು ಮಾಡಲಾದೀತು?" ಮಳೆ ದೊಡ್ಡದೇ. ಆ ಸೆಪ್ಟೆಂಬರ್ 4-5ರಂದು ನಗರದಲ್ಲಿ 131.6 ಮಿಲಿಮೀಟರ್ ಸುರಿಯಿತು. ಆದರೆ ಅದು ಊರನ್ನೆಲ್ಲ ಒಂದೇ ಸಮನೆ ಮುಳುಗಿಸಲಿಲ್ಲ. ಯಮಲೂರು, ಮುನ್ನೇಕೊಳಾಲ, ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಹೊರವರ್ತುಲ ರಸ್ತೆಯ ತಗ್ಗುಗಳು ಮುಳುಗಿದವು. ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಸಾಗಿಸಬೇಕಾಯಿತು. ಎಷ್ಟು ಸುರಿಯಿತೆಂಬುದು ಮೋಡದ ಲೆಕ್ಕ. ಎಲ್ಲಿ ನಿಂತಿತೆಂಬುದು ನಾವು ಮಾಡಿಕೊಂಡದ್ದು.

"ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಕಟ್ಟಿದರೆ ಸಾಕಲ್ಲ, ಮೀಸಲು ಜಾಗ ಯಾಕೆ?" ಗೋಡೆ ನೀರನ್ನು ಬೇಗ ಸಾಗಿಸುತ್ತದೆ, ಇಂಗಿಸುವುದಿಲ್ಲ. ನಮ್ಮ ನೆರೆ ವರ್ತೂರಿನವರ ನೆರೆಯಾಗುತ್ತದೆ, ಅಷ್ಟೇ. ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದಿತ್ತು. ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಆದೇಶ ತೆಗೆದುಹಾಕಿತು. ಆಗ ಉಳಿದದ್ದು ಹಳೆಯ ಮಹಾಯೋಜನೆಯ ಲೆಕ್ಕ: ಕೆರೆಗೆ 30 ಮೀಟರ್, ಕಾಲುವೆಗೆ ಅದರ ದರ್ಜೆಯಂತೆ 50, 25, 15. ಅಷ್ಟನ್ನೂ ಬಿಡಲಾರೆವು ಎಂದರೆ ನೀರು ಎಲ್ಲಿಗೆ ಹೋಗಬೇಕು?

"ಕಾವೇರಿ ಬಂತಲ್ಲ." ಬಂತು. ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರಹತ್ತಿರ 500 ಮೀಟರ್ ಮೇಲೆತ್ತಿ ತರುವ ನೀರು ಅದು. ಮನೆಗೆ ಬಂದ ನೀರಿನ ಬಹುಪಾಲು ಕೊಳಚೆಯಾಗಿ ಮರಳುವುದು ಇದೇ ಕಣಿವೆಗೆ. ಹೀಗಾಗಿ ಕಾವೇರಿ ಬಂದಷ್ಟೂ ಇಲ್ಲಿನ ಕಾಲುವೆಗಳ ಹೊರೆ ಏರುತ್ತದೆ. ಇನ್ನು ಕಾಲಡಿಯ ನೀರು. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2024ರ ಮಾರ್ಚ್‌ನಲ್ಲಿ ಹೇಳಿದರು. ಆ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಇದನ್ನು ವಿವರಿಸಬೇಕಿಲ್ಲ. ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಮೇಲಿನಿಂದ ಇಂಗದಿದ್ದರೆ ಸಾವಿರ ಅಡಿ ಕೊರೆದರೂ ಸಿಗುವುದು ದೂಳು.

"ಒಂದು ಮನೆಯ ಇಂಗುಗುಂಡಿಯಿಂದ ಏನಾದೀತು?" ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 30x40ರ ಸೂರಿನ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ಸುರಿಯುತ್ತದೆ. ಅಷ್ಟಳತೆಯ ಹೊಸ ಮನೆಗಳಿಗೆ ಮಳೆಕೊಯ್ಲು 2009ರಿಂದಲೇ ಕಡ್ಡಾಯ.

"ಕಟ್ಟಿಯಾಗಿದೆ, ಕಾಲ ಮೀರಿದೆ" ಎಂಬುದು ಕಡೆಯ ಮಾತು. ಎಲ್ಲವನ್ನೂ ಕೆಡವಿ ಎಂದು ನಾವು ಕೇಳಿಲ್ಲ. ಗ್ರಾಮನಕಾಶೆ ಹಿಡಿದು ಕಾಲುವೆ ಅಳೆಯಿರಿ, ಗುರುತಿನ ಕಲ್ಲು ನೆಡಿ. ಮುಚ್ಚಿದ ಕಡೆ ಮೊದಲು ತೆರೆಯಿರಿ. ಇನ್ನೂ ಖಾಲಿ ಇರುವ ಅಂಚಿನಲ್ಲಿ ಹೊಸ ನಕ್ಷೆಗೆ ಒಪ್ಪಿಗೆ ಕೊಡಬೇಡಿ. ಕೆರೆಗೆ ಕೊಳಚೆ ಬಿಡುವ ಪೈಪುಗಳನ್ನು ಒಳಚರಂಡಿಗೆ ಜೋಡಿಸಿ. ಇದಿಷ್ಟೂ ಬರುವ ಮುಂಗಾರಿಗೆ ಮೊದಲು ಶುರುವಾಗಬೇಕು.