ಸಿಪಾಯಿಯ ಮನೆಯ ಕಾಗದಪತ್ರಗಳು



ಡಿಸೆಂಬರ್ 7ನೆಯ ತಾರೀಖಿನಂದು ಶಾಲೆಯ ಮಕ್ಕಳು ಚಿಕ್ಕ ಚಿಕ್ಕ ಧ್ವಜಗಳನ್ನು ಹಿಡಿದು ನಮ್ಮಿಂದ ಕಾಸು ಪಡೆದು ಹೋಗುವುದುಂಟಷ್ಟೆ. 1949ರಿಂದ ನಡೆದುಬಂದಿರುವ ಈ ಧ್ವಜದಿನದ ಹಣವು ಯಾರ ಮನೆಗೆ ಸೇರುವುದೆಂದು ನಾನಂತೂ ಬಹುಕಾಲ ವಿಚಾರಿಸಿದವಳಲ್ಲ. ಮಾಘಮಾಸದಲ್ಲಿ ತಿರುಮಕೂಡಲು ನರಸೀಪುರದ ಸಂಗಮಸ್ನಾನಕ್ಕೆ ಹೋಗಿ, ಹಿಂದಿರುಗುವಾಗ ನಂಜನಗೂಡಿನ ಸಮೀಪದಲ್ಲಿ ಕಪಿಲೆಯ ದಂಡೆಯ ಹಳ್ಳಿಯೊಂದರಲ್ಲಿ ಬಂಧುಗಳ ಮನೆಯಲ್ಲಿ ಇಳಿದುಕೊಂಡಿದ್ದೆನು. ನೆರೆಮನೆಯ ಮುದುಕಿಯಿಂದ ಅದು ನನಗೆ ತಿಳಿಯುವಂತಾಯಿತು.

ಆಕೆಯ ಯಜಮಾನನು 1965ರಲ್ಲಿ ಮದರಾಸು ರೆಜಿಮೆಂಟಿಗೆ ಸೇರಿ, 1971ರ ಯುದ್ಧವನ್ನು ಕಂಡು, ತಂದೆ ತೀರಿಕೊಂಡಾಗ ಜಮೀನು ನೋಡುವವರಿಲ್ಲದೆ 11 ವರ್ಷದ ಸೇವೆಗೇ ಬಿಡುಗಡೆ ಪಡೆದು ಬಂದವನು. ಸಿಪಾಯಿಗೆ ಸಾಮಾನ್ಯವಾಗಿ ಪಿಂಚಣಿ ದೊರೆಯಬೇಕಾದರೆ 15 ವರ್ಷಗಳ ಸೇವೆ ಬೇಕು. ನಾಲ್ಕು ವರ್ಷ ಕಡಿಮೆಯಾದುದರಿಂದ ಪಿಂಚಣಿಯೆಂಬುದು ಕಾಸಿನಷ್ಟೂ ಇಲ್ಲ. ಗಂಡನಿಗೇ ಇಲ್ಲದುದು ಹೆಂಡತಿಗೆ ಎಲ್ಲಿಂದ ಬರಬೇಕು? ಆತನು ಇರುವವರೆಗೂ ಯಾರನ್ನೂ ಕೇಳಲಿಲ್ಲವಂತೆ. ಆತನು ಹೋದ ಬಳಿಕ ಆಕೆ ಮಗಳ ಮನೆಯ ಜಗುಲಿಯನ್ನು ಸೇರಿದಳು.

ಪಿಂಚಣಿಯಿಲ್ಲದ, ಹವಾಲ್ದಾರನವರೆಗಿನ ದರ್ಜೆಯ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ, 65 ವರ್ಷ ಮೀರಿ ಬಡತನದಲ್ಲಿದ್ದರೆ, ಅದೇ ಧ್ವಜದಿನದ ನಿಧಿಯಿಂದ ಮಾಸಾಶನವೊಂದು ಸಲ್ಲುತ್ತದೆ. ತಿಂಗಳಿಗೆ 4,000 ರೂಪಾಯಿ ಇದ್ದುದನ್ನು 2025ರ ನವೆಂಬರ್ 1ರಿಂದ ಬರುವ ಅರ್ಜಿಗಳಿಗೆ 8,000 ಮಾಡಿದ್ದಾರೆ. ಅರ್ಜಿಯು ಜಿಲ್ಲೆಯ ಸೈನಿಕ ಕಲ್ಯಾಣದ ಕಛೇರಿಯ ಮೂಲಕ ಹೋಗತಕ್ಕದ್ದು. ಆದರೆ ಅರ್ಜಿಗೆ ಡಿಸ್ಚಾರ್ಜು ಪುಸ್ತಕ ಬೇಕಲ್ಲವೆ! 2019ರ ಆಗಸ್ಟಿನ ಪ್ರವಾಹದಲ್ಲಿ ಕಪಿಲೆಯು ಮನೆಯೊಳಕ್ಕೆ ನುಗ್ಗಿದಾಗ ಟ್ರಂಕಿನೊಡನೆ ಅದೂ ಹೋಯಿತು. ಒಂದು ಕಛೇರಿಗೆ ಆಕೆ ಮೂರು ಸಲ ನಡೆದಳು. “ಸಿಪಾಯಿಯ ನಂಬರು ತಾರಮ್ಮ” ಎಂದು ಮೂರು ಸಲವೂ ಹಿಂದಕ್ಕೆ ಕಳುಹಿಸಿದರು. ಕಛೇರಿಯವರನ್ನೂ ಪೂರ್ತಿ ದೂಷಿಸಲಾರೆನು. ನಂಬರಿಲ್ಲದೆ ಸಾವಿರಾರು ಹೆಸರುಗಳ ನಡುವೆ ಒಬ್ಬ ಸಿದ್ದಯ್ಯನನ್ನೋ ಮಾದಯ್ಯನನ್ನೋ ಹುಡುಕುವುದೆಂತು? ಆದರೂ ನಂಬರು ಎಲ್ಲಿ ದೊರೆತೀತೆಂಬುದನ್ನು ಒಂದು ಮಾತು ಹೇಳಬಹುದಾಗಿತ್ತು.

“ಕಾಗ್ಜ ಎಲ್ಲಾ ಹೊಳೆ ಪಾಲಾಯ್ತು ಕಣವ್ವ, ಈ ಬಿಲ್ಲೆ ಒಂದ ಮಡಿಕಂಡಿವ್ನಿ” ಎಂದು ಆಕೆ ಅರಿಸಿನದ ಡಬ್ಬಿಯಿಂದ ತೆಗೆದುದು 1971ರ ಸಂಗ್ರಾಮ ಪದಕ. ಬಂಧುಗಳ ಹುಡುಗನು ಅದರ ಅಂಚನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಕಿಗೆ ಹಿಡಿದನು. ಅಂಚಿನ ಸುತ್ತಲೂ ಸಣ್ಣ ಅಕ್ಷರಗಳಲ್ಲಿ ನಂಬರು, ದರ್ಜೆ, ಹೆಸರು! ಇಷ್ಟು ವರ್ಷವೂ ಅರಿಸಿನದ ಡಬ್ಬಿಯಲ್ಲಿದ್ದುದನ್ನು ಕಂಡು ಮುದುಕಿಗೆ ನಗೆಯೂ ಬಂದಿತು, ಕಣ್ಣೀರೂ ಬಂದಿತು.

ಪಿಂಚಣಿಯಿದ್ದವರ ಜಗಳವನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಸಮಾನ ದರ್ಜೆಗೆ ಸಮಾನ ಪಿಂಚಣಿ ಬೇಕೆಂದು ಮಾಜಿ ಸೈನಿಕರು 2015ರ ಜೂನಿನಿಂದ ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತರು. ನವೆಂಬರಿನಲ್ಲಿ ಆಜ್ಞೆಯಾಯಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಆ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಎತ್ತಿಹಿಡಿಯಿತು. ನೆರೆಯ ಚೀನಾದಲ್ಲಿಯೂ ಇದೇ ಕಥೆ. 2016ರ ಅಕ್ಟೋಬರಿನಲ್ಲಿ ಹಳೆಯ ಸಿಪಾಯಿಗಳು ಬೀಜಿಂಗಿನ ಸೇನಾ ಪ್ರಧಾನ ಕಛೇರಿಯ ಮುಂದೆ ಗುಂಪುಗೂಡಿದರು. 2018ರಲ್ಲಿ ಅಲ್ಲಿನ ಸರ್ಕಾರವು ಅವರಿಗಾಗಿಯೇ ಒಂದು ಸಚಿವಾಲಯವನ್ನು ತೆರೆಯಿತು. ಗುಂಪುಗೂಡಬಲ್ಲವರ ಕೂಗು ಹೇಗೋ ಕೇಳಿಸೀತು. ಈ ಮುದುಕಿ ಯಾವ ಗುಂಪಿಗೆ ಸೇರಿದವಳು? 11 ವರ್ಷ ದುಡಿದವನಿಗೆ ಸೇವೆಯ ಪ್ರಮಾಣದಷ್ಟಾದರೂ ಹಕ್ಕಿನ ಹಣ ಸಲ್ಲದೆ, ಕೊನೆಗಾಲದಲ್ಲಿ ಬಡತನವನ್ನು ರುಜುವಾತು ಮಾಡಿ ನಿಧಿಯ ಮುಂದೆ ಕೈಯೊಡ್ಡಬೇಕೆಂಬುದು ನನಗೆ ಸರಿಯೆನಿಸುವುದಿಲ್ಲ. 2022ರಿಂದ 4 ವರ್ಷದ ಅವಧಿಗೆ ಸೇರುತ್ತಿರುವ ಹುಡುಗರಲ್ಲಿ ಹೆಚ್ಚಿನವರು ಒಂದು ಇಡುಗಂಟನ್ನು ಪಡೆದು, ಪಿಂಚಣಿಯಿಲ್ಲದೆಯೇ ಮನೆಗೆ ಬರತಕ್ಕವರು. ಅವರ ತಾಯಂದಿರೂ ಇದನ್ನು ಓದುತ್ತಿರಬಹುದು.

ಇರಲಿ, ಮನೆಯಲ್ಲಿ ಸಿಪಾಯಿಯಿರುವ ಸೋದರಿಯರು ಈ ದಿನವೇ ಟ್ರಂಕನ್ನು ತೆರೆದು ನೋಡಬೇಕು. ಡಿಸ್ಚಾರ್ಜು ಪುಸ್ತಕದ ಎರಡು ನಕಲು ಮಾಡಿಸಿ, ಒಂದನ್ನು ಬೇರೆ ಮನೆಯಲ್ಲಿಡಿ. ಸೇನೆಯ ದಾಖಲೆಯಲ್ಲಿ ನಿಮ್ಮ ಮದುವೆಯೂ ಮಕ್ಕಳ ಜನನವೂ ನಮೂದಾಗಿವೆಯೇ ಎಂದು ಯಜಮಾನರು ಬದುಕಿರುವಾಗಲೇ ವಿಚಾರಿಸಿ. ಎಲ್ಲಕ್ಕೂ ಮಿಗಿಲಾಗಿ ಹೆಸರನ್ನು ನೋಡಿ. ನಮ್ಮ ಸೀಮೆಯಲ್ಲಿ ತವರಿನದೊಂದು ಹೆಸರು, ಅತ್ತೆಮನೆಯದೊಂದು ಹೆಸರು. ಸೇನೆಯ ಪುಸ್ತಕದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು. ಈ ಮುದುಕಿಗೂ ಅದೇ ತೊಡಕು ಬಂದು, ಎರಡೂ ಹೆಸರು ಒಬ್ಬಳದೇ ಎಂದು ಅಫಿಡವಿಟ್ಟು ಮಾಡಿಸಬೇಕಾಯಿತು.

ಆಕೆಯ ಊರಿನಿಂದ ನಂಜನಗೂಡಿಗೆ ಬಂದರೆ ಊಟಿಯ ರಸ್ತೆ. ಅದೇ ದಾರಿಯಲ್ಲಿ ಊಟಿಯನ್ನು ದಾಟಿ ಮುಂದಕ್ಕೆ ಹೋದರೆ ಮದರಾಸು ರೆಜಿಮೆಂಟಿನ ದಾಖಲೆಗಳಿರುವ ವೆಲ್ಲಿಂಗ್ಟನ್. ಪದಕದ ನಂಬರನ್ನು ಬರೆದು ಅಲ್ಲಿಗೆ ಅಂಚೆಯಲ್ಲಿ ಕಾಗದ ಹಾಕಿದೆವು. ಈ ಪುಟವು ಅಚ್ಚಿಗೆ ಹೋಗುವವರೆಗೆ ಉತ್ತರ ಬಂದಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಆಕೆ ಜಗುಲಿಯನ್ನು ಬಿಟ್ಟು ಏಳುವುದಿಲ್ಲವೆಂದು ಬಂಧುಗಳು ಬರೆದಿದ್ದಾರೆ.