ಕನ್ನಡಕ್ಕೆ ಎಷ್ಟು ಅಕ್ಷರ?

ಪೈಥಾನ್‌ನಲ್ಲಿ 'ಕನ್ನಡ' ಪದದ ಉದ್ದ ಕೇಳಿ ನೋಡಿ, 5 ಅನ್ನುತ್ತೆ. ನಮಗೆಲ್ಲ ಅದು ಮೂರೇ ಅಕ್ಷರ! ಯೂನಿಕೋಡ್‌ನಲ್ಲಿ ಒತ್ತಕ್ಷರ ಮಾಡುವ ಹಲಂತಕ್ಕೂ ಕಾಗುಣಿತದ ಗುರುತಿಗೂ ಬೇರೆ ಬೇರೆ ಸಂಕೇತ. ಇಂಗ್ಲಿಷ್ ಪದದಾಟದ ಕೋಡನ್ನು ಹಾಗೇ ಎತ್ತಿಕೊಂಡ್ರೆ, ಹಿಂದುಮುಂದು ಒಂದೇ ಆಗಿರೋ 'ವಿಕಟಕವಿ' ಕೂಡ ತಿರುಗಿಸಿದಾಗ ಕೆಡುತ್ತೆ. ಮೊದಲಿಗೇ ಬರೀ ಗುಡಿಸು ಬಂದು ಕೂರುತ್ತೆ.

ಫೆಸ್ಟ್‌ಗೆ ಪದ ಹುಡುಕೋ ಆಟ ಮಾಡೋರಿಗೆ ನಾವು ಹೇಳೋದು: ವ್ಯಂಜನ ಮಾತ್ರ ಕೊಡಿ, ಕಾಗುಣಿತ ಆಡೋರಿಗೆ ಬಿಡಿ. ಮ, ರ ಎರಡೇ ಕೊಟ್ರೂ ಮರ, ಮರಿ, ಮಾರಿ, ಮೂರು, ಮೀರು, ಮುರಿ, ಮೋರೆ, ರಾಮ, ರೋಮ... ಇಂಗ್ಲಿಷ್‌ನ ಯಾವ ಎರಡಕ್ಷರಕ್ಕೆ ಈ ಭಾಗ್ಯ ಇದೆ? ಕೋಡೂ ಕಷ್ಟವಲ್ಲ, ಸ್ವರಚಿಹ್ನೆ ತೆಗೆದು ಉಳಿದದ್ದನ್ನು ಸಾರ್ಟ್ ಮಾಡಿ ಹೋಲಿಸಿದ್ರಾಯ್ತು. ತೀರಾ ಸುಲಭ ಆಯ್ತು ಅನ್ನೋರು ಒತ್ತಕ್ಷರದ ಪದಕ್ಕೆ ಎರಡರಷ್ಟು ಅಂಕ ಇಡಲಿ.