ಕಮಲಾ ಕಳಚಿಟ್ಟ ಒಳ್ಳೆಯ ಹೆಸರು

‘ನೆವರ್ ಹ್ಯಾವ್ ಐ ಎವರ್’ ಹಾಸ್ಯ ಧಾರಾವಾಹಿಯ ಕುರಿತ ಮಾತೆಲ್ಲ ಅದರ ನಾಯಕಿ ದೇವಿ ವಿಶ್ವಕುಮಾರ್ ಸುತ್ತಲೇ ತಿರುಗುತ್ತದೆ. ಮಿಂಡಿ ಕೇಲಿಂಗ್ ಮತ್ತು ಲ್ಯಾಂಗ್ ಫಿಶರ್ ರೂಪಿಸಿ, 2020ರಿಂದ 2023ರವರೆಗೆ ನೆಟ್‌ಫ್ಲಿಕ್ಸ್‌ನಲ್ಲಿ ನಾಲ್ಕು ಸೀಸನ್‌ಗಳಾಗಿ ಬಂದ ಈ ಕಥೆ, ಕ್ಯಾಲಿಫೋರ್ನಿಯಾದ ತಮಿಳು ಮನೆಯೊಂದರಲ್ಲಿ ತಂದೆಯನ್ನು ಕಳೆದುಕೊಂಡ ಹದಿಹರೆಯದ ಹುಡುಗಿಯದು. ಆದರೆ ಇಲ್ಲಿ ನಿಜವಾದ ಸಾಹಸಿ ದೇವಿಯಲ್ಲ, ಅವಳ ಸೋದರಸಂಬಂಧಿ ಕಮಲಾ ಎಂಬುದು ನನ್ನ ಅಭಿಪ್ರಾಯ.

ದೇವಿ ಸುಳ್ಳು ಹೇಳುತ್ತಾಳೆ, ಗೆಳತಿಯರನ್ನು ನೋಯಿಸುತ್ತಾಳೆ, ಕ್ಷಮೆ ಕೇಳಿ ಮರಳುತ್ತಾಳೆ. ಅವಳ ಮುಂಗೋಪ ಎಲ್ಲರಿಗೂ ಗೊತ್ತು. ಅವಳು ತಪ್ಪಿ ನಡೆದರೆ ಯಾರಿಗೂ ಆಶ್ಚರ್ಯವಿಲ್ಲ. ಕಮಲಾಳ ಸ್ಥಿತಿ ಬೇರೆ. ಭಾರತದಿಂದ ಕ್ಯಾಲ್‌ಟೆಕ್‌ಗೆ ಸಂಶೋಧನೆಗೆಂದು ಬಂದ ಅವಳು ಚೆಲುವೆ, ಬುದ್ಧಿವಂತೆ, ವಿಧೇಯೆ. ಹಿರಿಯರು ಗೊತ್ತುಮಾಡಿದ ವರ ಪ್ರಶಾಂತ ಕೆಟ್ಟವನಲ್ಲ, ರೂಪವಂತ, ಸಭ್ಯ. ಕೆಟ್ಟ ವರನನ್ನು ನಿರಾಕರಿಸಲು ಕಾರಣ ಕೊಡಬಹುದು. ಒಳ್ಳೆಯ ವರನನ್ನು ನಿರಾಕರಿಸುವವಳ ಕೈಯಲ್ಲಿ ‘ನನಗೆ ಬೇಡ’ ಎಂಬ ಒಂದೇ ಮಾತು ಉಳಿಯುತ್ತದೆ. ಆ ಮಾತು ಆಡಿದ ಕ್ಷಣವೇ ‘ಒಳ್ಳೆಯ ಹುಡುಗಿ’ ಎಂಬ ಬಿರುದು ಕಳಚಿಬೀಳುತ್ತದೆ.

ಮದುವೆಗೆ ಮುನ್ನ ಪ್ರಯೋಗಾಲಯದಲ್ಲೂ ಅವಳಿಗೆ ಇದೇ ಪಾಠವಾಗುತ್ತದೆ. ತಾನು ದುಡಿದ ಸಂಶೋಧನೆಯ ಶ್ರೇಯಸ್ಸಿನಲ್ಲಿ ಅವಳ ಹೆಸರೇ ಇಲ್ಲ. ವಿನಯವು ಅಲ್ಲಿ ಅವಳನ್ನು ಕಾಪಾಡುವುದಿಲ್ಲ, ಮರೆಮಾಡುತ್ತದೆ.

ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ಪರಕೀಯವಲ್ಲ. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ, ಪರಸ್ಪರ ಬಲ್ಲ ಕನ್ನಡದ ಮನೆಗಳು ಕೆಲವೇ. ರಾಜ್ಯೋತ್ಸವದ ಸಭೆಯಲ್ಲಿ ಎಲ್ಲರಿಗೂ ಎಲ್ಲರ ಮಕ್ಕಳ ಸುದ್ದಿ ಗೊತ್ತು. ಊರಿನಿಂದ ದೂರವಿದ್ದಷ್ಟೂ ಮಕ್ಕಳ ನಡತೆಯೇ ನಮ್ಮ ಸಂಸ್ಕೃತಿಯ ಸಾಕ್ಷಿ ಎಂದು ತೋರಿಸಿಕೊಳ್ಳುವ ಹಂಬಲ ಹೆಚ್ಚು. ನನ್ನ ಮಗಳನ್ನು ಯಾರಾದರೂ ‘ಎಷ್ಟು ಒಳ್ಳೆಯ ಹುಡುಗಿ’ ಎಂದಾಗ ನಾನೂ ಹಿಗ್ಗಿದ್ದೇನೆ. ಆ ಹೊಗಳಿಕೆಯ ಭಾರ ಅವಳ ಹೆಗಲ ಮೇಲೆ ಎಷ್ಟಿತ್ತೆಂದು ಕೇಳಿರಲಿಲ್ಲ.

ಧಾರಾವಾಹಿಯ ಬಗ್ಗೆ ನನಗೊಂದು ಆಕ್ಷೇಪವಿದೆ. ಪ್ರಶಾಂತನ ಬದಲು ಕಮಲಾಳಿಗೆ ಸಿಗುವ ಶಿಕ್ಷಕ ಮನೀಶ್ ಕುಲಕರ್ಣಿಯೂ ಸಜ್ಜನ, ಭಾರತೀಯ ಮೂಲದವನೇ. ಹೀಗೆ ಕಥೆ ಅವಳ ಅಪಾಯವನ್ನು ಮೆದುಗೊಳಿಸುತ್ತದೆ. ಆದರೆ ಆ ಸಂಬಂಧವನ್ನು ಒಪ್ಪದೆ ಸಿಡುಕಿದ ಅಜ್ಜಿ ನಿರ್ಮಲಾ, ಕೊನೆಯಲ್ಲಿ ತಾನೇ ಲೆನ್ ಎಂಬ ಅಮೆರಿಕನ್ನನನ್ನು ವರಿಸುತ್ತಾಳೆ. ಮೊಮ್ಮಗಳ ವಯಸ್ಸಿನವಳು ಮೊದಲು ಹೆಸರು ಕೆಡಿಸಿಕೊಂಡದ್ದರಿಂದಲೇ ಅಜ್ಜಿಗೂ ಆ ದಾರಿ ತೆರೆಯಿತೆಂದು ನಾನು ಓದಿಕೊಳ್ಳುತ್ತೇನೆ.